ಕಿವಿ ಇದ್ದವರು ಎಲ್ಲಿಗೆ ಹೋಗಬೇಕು?

‘ಕಾಲಿದ್ದವರು ಹಂಪಿ ನೋಡಬೇಕು, ಕಣ್ಣಿದ್ದವರು ಕನಕಗಿರಿ ನೋಡಬೇಕು’ ಎಂಬುದು ನಮ್ಮ ಕೊಪ್ಪಳ ಸೀಮೆಯಲ್ಲಿ ಮನೆಮನೆಯ ಗಾದೆ. ಹಂಪಿ ನೋಡಲು ಮೈಲುಗಟ್ಟಲೆ ನಡೆಯಬೇಕು. ಕನಕಗಿರಿಯಲ್ಲಿ ಹಾಗಲ್ಲ, ಗುಡಿಯೊಳಗೆ ನಿಂತು ಕಣ್ಣರಳಿಸಿ ನೋಡಿದರೆ ಸಾಕು ಎಂದು ಹಿರಿಯರು ಅದರ ಅರ್ಥ ಬಿಡಿಸುತ್ತಾರೆ. ಹೋದ ದಸರಾ ರಜೆಯಲ್ಲಿ ಕುಷ್ಟಗಿಯಿಂದ ತಾವರಗೇರಾ ಮಾರ್ಗವಾಗಿ ಕನಕಗಿರಿಗೆ ಹೊರಟ ಬಸ್ಸಿನಲ್ಲಿ ಹತ್ತನೇ ತರಗತಿಯಲ್ಲಿರುವ ಮಗಳಿಗೆ ಈ ಗಾದೆ ಹೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದಳು:

‘ಕಾಲಿದ್ದವರಿಗೆ ಹಂಪಿ, ಕಣ್ಣಿದ್ದವರಿಗೆ ಕನಕಗಿರಿ ಆತು. ಕಿವಿ ಇದ್ದವರು ಎಲ್ಲಿಗೆ ಹೋಗಬೇಕಪ್ಪಾ?’

ಆ ಪ್ರಶ್ನೆಯ ಹಿಂದೆ ಮುನಿಸು ಇತ್ತು. ನಾಲ್ಕು ವರ್ಷ ಸಂಗೀತ ಕಲಿಯುತ್ತಿದ್ದ ಅವಳನ್ನು ‘ಎಸ್ಸೆಸ್ಸೆಲ್ಸಿ ಮುಗಿಯಲಿ, ಆಮೇಲೆ ನೋಡೋಣ’ ಎಂದು ಜೂನ್ ತಿಂಗಳಲ್ಲಿ ನಾನೇ ಪಾಠ ಬಿಡಿಸಿದ್ದೆ. ‘ಹಾಡಿಕೊಂಡರೆ ಹೊಟ್ಟೆ ತುಂಬುತ್ತದೆಯೇ?’ ಎಂದೂ ಒಂದು ಮಾತು ಆಡಿದ್ದೆ. ಅದು ಅವಳಿಗೆ ನಾಟಿತ್ತು. ಪ್ರವಾಸಕ್ಕೆ ಕರೆದುಕೊಂಡು ಹೊರಟದ್ದೇ ಒಂದು ರೀತಿಯಲ್ಲಿ ರಾಜಿಗಾಗಿ.

ಕನಕಗಿರಿ ಈಗ ತಾಲ್ಲೂಕು ಕೇಂದ್ರ. ಮೊದಲು ಗಂಗಾವತಿ ತಾಲ್ಲೂಕಿನಲ್ಲಿದ್ದ ಊರು. 1997ರಲ್ಲಿ ಕೊಪ್ಪಳ ಜಿಲ್ಲೆಯಾಗುವವರೆಗೆ ಈ ಸೀಮೆಯೆಲ್ಲ ರಾಯಚೂರು ಜಿಲ್ಲೆಗೆ ಸೇರಿತ್ತು. ಬಸ್ಸಿಳಿದು ಪೇಟೆಯ ಬೀದಿಯಲ್ಲಿ ನಡೆದರೆ ಕನಕಾಚಲಪತಿಯ ಗೋಪುರ ಎದುರಾಗುತ್ತದೆ. ವಿಜಯನಗರದ ಕಾಲದಲ್ಲಿ ಇಲ್ಲಿ ಆಳಿದ ನಾಯಕರು ಬೆಳೆಸಿದ ಗುಡಿ ಇದು. ಕಂಬಗಳ ಕೆತ್ತನೆ, ಗೋಪುರದ ಗಾರೆಯ ಗೊಂಬೆಗಳು, ವಿಶಾಲವಾದ ಮಂಟಪ, ಎಲ್ಲವೂ ಗಾದೆಯ ಮಾತನ್ನು ನಿಜ ಮಾಡುವಂತಿವೆ. ಫಾಲ್ಗುಣ ಮಾಸದ ಜಾತ್ರೆಯಲ್ಲಿ ಇಲ್ಲಿ ಕಾಲಿಡಲು ಜಾಗವಿರುವುದಿಲ್ಲ. ನಾವು ಹೋದ ದಿನ ಗುಡಿ ತಣ್ಣಗಿತ್ತು. ಮಗಳು ಮಂಟಪದ ನಡುವೆ ನಿಂತು ಮೆಲ್ಲಗೆ ಒಂದು ಸ್ವರ ಹಿಡಿದಳು. ದನಿ ಕಂಬಗಳನ್ನು ತಾಗಿ ಮರಳಿ ಬಂತು. ನಾನು ಕೇಳದವನಂತೆ ಮುಂದೆ ನಡೆದೆ.

ಊರಿನಾಚೆ ವೆಂಕಟಪತಿ ಬಾವಿ ಇದೆ. ಬಾವಿ ಎಂದು ಹೆಸರಿದ್ದರೂ ನೋಡಲು ಪುಷ್ಕರಣಿಯಂತಿದೆ. ಕಲ್ಲಿನ ಮೆಟ್ಟಿಲುಗಳು, ಸುತ್ತ ಕಂಬಗಳ ಸಾಲು. ಅಲ್ಲಿ ಮೇಕೆ ಮೇಯಿಸುತ್ತಿದ್ದ ಅಜ್ಜನೊಬ್ಬ ಮಾತಿಗೆ ಸಿಕ್ಕ. ಮಗಳು ತನ್ನ ಪ್ರಶ್ನೆಯನ್ನು ಅವನಿಗೂ ಹಾಕಿದಳು. ಅಜ್ಜ ನಕ್ಕ.

‘ಕಿವಿ ಇದ್ದವರು ಎಲ್ಲೂ ಹೋಗೂದು ಬ್ಯಾಡಾಗಿತ್ತು ತಂಗೀ. ಸುಗ್ಗಿ ಮುಗದ ಮ್ಯಾಗ ಕತಿ ಹೇಳೋರು ಅವರೇ ಬರತಿದ್ರು. ಗುಡಿ ಮುಂದ ಚಾಪಿ ಹಾಸಿ ಕುಂತ್ರ ಬೆಳತನಾ ಕುಮಾರರಾಮನ ಕತಿ. ಅವರು ಅತ್ರ ನಾವೂ ಅಳತಿದ್ವಿ. ಈಗ ಯಾರು ಬರ್ತಾರ? ಬಂದ್ರೂ ಕೇಳೋರು ಯಾರದಾರ?’

ಕುಮಾರರಾಮನ ಹೆಸರು ಕಿವಿಗೆ ಬಿದ್ದದ್ದೇ ನಮ್ಮ ಪ್ರವಾಸದ ದಾರಿ ಬದಲಾಯಿತು. ಗುಡಿ ನೋಡಿ ಸಂಜೆಗೆ ಊರು ಸೇರಬೇಕೆಂದಿದ್ದವರು ಗಂಗಾವತಿಯ ಬಸ್ಸು ಹತ್ತಿದೆವು. ಕನಕಗಿರಿಯಿಂದ ಗಂಗಾವತಿಗೆ ಸುಮಾರು 20 ಕಿ.ಮೀ. ಮೊದಲು ಮಳೆ ನಂಬಿದ ಹೊಲಗಳು. ಗಂಗಾವತಿ ಹತ್ತಿರವಾದಂತೆ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು, ಹಸಿರು ಭತ್ತದ ಗದ್ದೆಗಳು. ರಾತ್ರಿ ಗಂಗಾವತಿಯಲ್ಲಿ ತಂಗಿ ಮರುದಿನ ಬೆಳಿಗ್ಗೆ ಜಬ್ಬಲಗುಡ್ಡದ ಕಡೆಗೆ ಹೊರಟೆವು. ಅಲ್ಲಿ ಬಂಡೆಗಳ ನಡುವೆ ಇರುವುದೇ ಕುಮ್ಮಟದುರ್ಗ.

ಶಾಲೆಯ ಇತಿಹಾಸದ ಪುಸ್ತಕದಲ್ಲಿ ಕುಮ್ಮಟದುರ್ಗಕ್ಕೆ ಹೆಚ್ಚು ಜಾಗ ಸಿಕ್ಕಿಲ್ಲ. ಆದರೆ ವಿಜಯನಗರ ಹುಟ್ಟುವ ಮೊದಲು ಈ ಭಾಗದಲ್ಲಿ ತಲೆಯೆತ್ತಿ ನಿಂತಿದ್ದ ಕಂಪಿಲಿ ರಾಜ್ಯದ ಮುಖ್ಯ ಕೋಟೆ ಇದು. ದೆಹಲಿಯ ಸುಲ್ತಾನ ಮಹಮದ್ ಬಿನ್ ತುಘಲಕನ ವಿರುದ್ಧ ದಂಗೆಯೆದ್ದ ಅವನ ಬಂಧು ಬಹಾವುದ್ದೀನ ಇಲ್ಲಿಗೆ ಓಡಿಬಂದ. ಕಂಪಿಲರಾಯ ಅವನಿಗೆ ಆಶ್ರಯ ಕೊಟ್ಟ. ಬೆನ್ನಟ್ಟಿ ಬಂದ ದೆಹಲಿಯ ಸೈನ್ಯದ ಎದುರು ರಾಜ್ಯ 1327ರ ಸುಮಾರಿಗೆ ನೆಲಕಚ್ಚಿತು. ಆಶ್ರಯ ಬೇಡಿ ಬಂದವನಿಗಾಗಿ ಈ ರಾಯ ಪ್ರಾಣ ಕೊಟ್ಟ ಸಂಗತಿಯನ್ನು ಪ್ರವಾಸಿ ಇಬ್ನ್ ಬತೂತ ಕೂಡ ಬರೆದಿಟ್ಟಿದ್ದಾನೆ. ಮುಂದೆ ಒಂದು ದಶಕದೊಳಗೆ, 1336ರಲ್ಲಿ, ಇಲ್ಲಿಂದ ಹೆಚ್ಚು ದೂರವಿಲ್ಲದ ಹಂಪಿಯಲ್ಲಿ ವಿಜಯನಗರ ಹುಟ್ಟಿತು.

ಇದು ಇತಿಹಾಸ. ಜನರ ಬಾಯಲ್ಲಿ ಉಳಿದದ್ದು ಕಂಪಿಲರಾಯನಿಗಿಂತ ಹೆಚ್ಚಾಗಿ ಅವನ ಮಗ ಗಂಡುಗಲಿ ಕುಮಾರರಾಮ. ಕಥೆಯಲ್ಲಿ ಅವನು ಆಡುತ್ತಿದ್ದ ಚೆಂಡು ಮಲತಾಯಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ಚೆಂಡು ತರಲು ಹೋದವನ ಮೇಲೆ ಅವಳು ಮೋಹಗೊಳ್ಳುತ್ತಾಳೆ. ಅವನು ಒಪ್ಪದಿದ್ದಾಗ ಗಂಡನಲ್ಲಿ ಸುಳ್ಳು ದೂರು ಹೇಳುತ್ತಾಳೆ. ತಂದೆ ಮಗನ ತಲೆ ಕಡಿಯಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ಅವನನ್ನು ಗುಟ್ಟಾಗಿ ಅಡಗಿಸಿಡುತ್ತಾನೆ. ದೆಹಲಿಯ ಸೈನ್ಯ ಬಂದಾಗ ಸತ್ತನೆಂದುಕೊಂಡಿದ್ದ ಮಗ ಎದ್ದು ಬಂದು ಹೋರಾಡುತ್ತಾನೆ. ‘ಪರನಾರಿ ಸಹೋದರ’ ಎಂದು ಜನ ಅವನನ್ನು ಕರೆದದ್ದು ಈ ಕಾರಣಕ್ಕೆ. ಹದಿನಾರನೆಯ ಶತಮಾನದಲ್ಲಿ ನಂಜುಂಡ ಕವಿ ಈ ಕಥೆಯನ್ನು ಸಾಂಗತ್ಯದಲ್ಲಿ ಬರೆದ. ಓದು ಬಾರದ ಜನ ಮಾತ್ರ ಅದನ್ನು ಹಾಡುಗಾರರ ಬಾಯಿಂದಲೇ ಕೇಳುತ್ತ ಬಂದರು.

ಕೋಟೆಯ ಗೋಡೆಯ ಅವಶೇಷಗಳ ನಡುವೆ ನಿಂತಾಗ ಮಗಳು ಕೇಳಿದಳು: ‘ಬರೇ ಕಲ್ಲು ಅದಾವು. ಆ ಕತಿ ಗೊತ್ತಿರದಿದ್ದರ ಇಲ್ಲಿ ಏನ ನೋಡೂದು?’ ನಿಜ. ಏಳುನೂರು ವರ್ಷದ ಹಿಂದೆ ಬಿದ್ದ ಕೋಟೆಯನ್ನು ಜನರ ಮನಸ್ಸಿನಲ್ಲಿ ನಿಲ್ಲಿಸಿದವರು ಕಥೆ ಹೇಳುವವರು. ಅವರಲ್ಲಿ ಎಲ್ಲರಿಗಿಂತ ಹೆಸರಾದವರ ಊರು ನದಿಯಾಚೆ, ಅರ್ಧ ದಿನದ ಹಾದಿಯಲ್ಲಿತ್ತು. ನಾವು ದರೋಜಿಗೆ ಹೊರಟೆವು.

ಮತ್ತೆ ಗಂಗಾವತಿಗೆ ಬಂದು, ಚಿಕ್ಕಜಂತಕಲ್ ದಾಟಿ, ತುಂಗಭದ್ರೆಯ ಸೇತುವೆಯ ಮೇಲೆ ಹೋದರೆ ಆಚೆಗೆ ಕಂಪ್ಲಿ. ಜಲಾಶಯದಿಂದ ಹೆಚ್ಚು ನೀರು ಬಿಟ್ಟ ವರ್ಷ ಈ ಸೇತುವೆ ಮುಳುಗಿ ಸಂಚಾರ ನಿಲ್ಲುತ್ತದೆ. ಈಗಿನ ಹುಡುಗರಿಗೆ ಇದು ಎರಡು ಜಿಲ್ಲೆಗಳ ನಡುವಿನ ಹೊಳೆ, ಅಷ್ಟೆ. ಆದರೆ 1948ರವರೆಗೆ ಈಚೆ ದಡ ನಿಜಾಮರ ಹೈದರಾಬಾದ್ ಸಂಸ್ಥಾನ. ಆಚೆಯ ಬಳ್ಳಾರಿ 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಎರಡೂ ದಡ ಒಂದೇ ರಾಜ್ಯವಾದದ್ದು 1956ರಲ್ಲಿ. ನಮ್ಮ ಹಿರಿಯರು ನಾಣ್ಯ ಬೇರೆ, ಕಚೇರಿಯ ಭಾಷೆ ಬೇರೆ ಎಂದು ಬದುಕಿದ ಕಾಲದಲ್ಲೂ ಕುಮಾರರಾಮನ ಕಥೆ ಎರಡೂ ದಡಗಳಲ್ಲಿ ಒಂದೇ ಆಗಿತ್ತು.

ಕಂಪ್ಲಿಯಿಂದ ಮುಂದೆ ದರೋಜಿ. ದೊಡ್ಡ ಕೆರೆಯ ಊರು. ಬಳಿಯಲ್ಲೇ 1994ರಲ್ಲಿ ಆದ ಕರಡಿಧಾಮವಿದೆ. ಹೊರಗಿನವರಿಗೆ ದರೋಜಿ ಎಂದರೆ ಕರಡಿ ನೆನಪಾಗುತ್ತದೆ. ಜಾನಪದ ಬಲ್ಲವರಿಗೆ ನೆನಪಾಗುವುದು ಬುರ್ರಕಥೆಯ ಈರಮ್ಮ.

ದರೋಜಿ ಈರಮ್ಮ ಹುಟ್ಟಿದ್ದು 1930ರ ಸುಮಾರಿಗೆ, ಬುಡ್ಗ ಜಂಗಮ ಎಂಬ ಅಲೆಮಾರಿ ಸಮುದಾಯದಲ್ಲಿ. ಊರೂರು ತಿರುಗಿ ಕಥೆ ಹೇಳಿ, ಕೊಟ್ಟ ಕಾಳುಕಡಿ ಪಡೆದು ಬದುಕುವುದು ಈ ಸಮುದಾಯದ ವೃತ್ತಿಯಾಗಿತ್ತು. ಮನೆಯಲ್ಲಿ ಆಡುವ ಮಾತು ತೆಲುಗು. ಈರಮ್ಮನವರು ಕಥೆ ಹೇಳಿದ್ದು ಕನ್ನಡದಲ್ಲಿ. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ತಂದೆಯ ಬಳಿ ಚಿಕ್ಕ ವಯಸ್ಸಿನಲ್ಲೇ ಕಥೆ ಕಲಿತರು. ಪುಸ್ತಕವಿಲ್ಲ, ಬರೆದುಕೊಳ್ಳುವುದಿಲ್ಲ. ತಂದೆ ಹೇಳಬೇಕು, ಮಗಳು ಕೇಳಬೇಕು.

ಬುರ್ರಕಥೆಯ ರೀತಿ ಸರಳ. ಒಬ್ಬರು ಕಥೆ ಹೇಳುತ್ತಾರೆ, ಹಾಡುತ್ತಾರೆ. ಹಿಮ್ಮೇಳದವರು ದಿಮ್ಮಿ ಬಾರಿಸುತ್ತ ದನಿಗೂಡಿಸುತ್ತಾರೆ. ಈರಮ್ಮನವರ ಮೇಳದಲ್ಲಿ ಹಿಮ್ಮೇಳಕ್ಕೂ ಅವರ ಮನೆಯ ಹೆಣ್ಣುಮಕ್ಕಳೇ ನಿಲ್ಲುತ್ತಿದ್ದರು. ಕುಮಾರರಾಮ, ಬಾಲನಾಗಮ್ಮ, ಜೈಸಿಂಗರಾಜ, ಹೀಗೆ ಒಂದೊಂದೂ ರಾತ್ರಿಗಟ್ಟಲೆ ನಡೆಯುವ ಕಥೆಗಳು. ಅವರ ಬಗ್ಗೆ ಬರೆದವರು ಕೊಡುವ ಲೆಕ್ಕದಂತೆ ಅವರಿಗೆ ಬರುತ್ತಿದ್ದ ಮಹಾಕಾವ್ಯಗಳು 12, ಸಾಲುಗಳು ಸುಮಾರು 2 ಲಕ್ಷ. 1991ರಲ್ಲಿ ಹಂಪಿಯಲ್ಲಿ ಹುಟ್ಟಿದ ಕನ್ನಡ ವಿಶ್ವವಿದ್ಯಾಲಯದ ವಿದ್ವಾಂಸರು ಅವರ ಕಥೆಗಳನ್ನು ಧ್ವನಿಮುದ್ರಿಸಿ ಅಕ್ಷರಕ್ಕಿಳಿಸಿದರು. ಅಕ್ಷರ ಬಾರದವರ ಹೆಸರಿನಲ್ಲಿ ದಪ್ಪ ದಪ್ಪ ಪುಸ್ತಕಗಳು ಬಂದವು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ, 2003ರಲ್ಲಿ ಅದೇ ವಿಶ್ವವಿದ್ಯಾಲಯದ ನಾಡೋಜ ಗೌರವ ಬಂತು. 2014ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು.

ಎರಡು ಲಕ್ಷ ಸಾಲು ಎಂದಾಗ ಮಗಳು ಬೆರಗಾದಳು. ‘ನನಗ ಒಂದು ಪದ್ಯ ಬಾಯಿಪಾಠ ಮಾಡಾಕ ಎರಡು ದಿನ ಬೇಕು’ ಎಂದಳು. ಪರೀಕ್ಷೆಗೆ ಓದುವ ಎಲ್ಲ ಮಕ್ಕಳಿಗೂ ಬರಬಹುದಾದ ಸಂದೇಹ ಇದು. ಇದಕ್ಕೆ ಉತ್ತರ ಹುಡುಕಿದವರಿದ್ದಾರೆ. 1930ರ ದಶಕದಲ್ಲಿ ಅಮೆರಿಕದ ವಿದ್ವಾಂಸ ಮಿಲ್‌ಮನ್ ಪ್ಯಾರಿ ಮತ್ತು ಅವನ ಶಿಷ್ಯ ಆಲ್ಬರ್ಟ್ ಲಾರ್ಡ್ ಆಗಿನ ಯುಗೊಸ್ಲಾವಿಯದ ಹಳ್ಳಿಗಳಲ್ಲಿ ತಿರುಗಿ ಹಾಡುಗಾರರ ಕಥೆಗಳನ್ನು ಧ್ವನಿಮುದ್ರಿಸಿದರು. ಅವ್ದೋ ಮೆಜೆದೋವಿಚ್ ಎಂಬ ಓದುಬರಹ ಬಾರದ ರೈತ 12 ಸಾವಿರಕ್ಕೂ ಹೆಚ್ಚು ಸಾಲುಗಳ ಒಂದು ಕಾವ್ಯವನ್ನು ಹೇಳಿದ. 1960ರಲ್ಲಿ ಬಂದ ಲಾರ್ಡ್‌ನ ಪುಸ್ತಕ ಈ ಗುಟ್ಟನ್ನು ಬಿಡಿಸಿ ಹೇಳಿತು. ಇಂಥ ಹಾಡುಗಾರರು ನಾವು ಪದ್ಯ ಉರು ಹೊಡೆಯುವ ಹಾಗೆ ಉರು ಹೊಡೆಯುವುದಿಲ್ಲ. ಕುದುರೆ ಏರುವ ಬಗೆ, ಮದುಮಗಳ ಸಿಂಗಾರ, ದಂಡು ಹೊರಡುವ ರಭಸ, ಇಂಥವಕ್ಕೆಲ್ಲ ಕಟ್ಟಿಟ್ಟ ಮಾತುಗಳ ದೊಡ್ಡ ಗಂಟು ಅವರಲ್ಲಿರುತ್ತದೆ. ಕಥೆಯ ಹಾದಿ ತಿಳಿದಿರುತ್ತದೆ. ಹಾಡುತ್ತ ಹಾಡುತ್ತಲೇ ಗಂಟು ಬಿಚ್ಚಿ ಕಥೆ ಕಟ್ಟುತ್ತಾರೆ. ಕೇಳುವವರಿಗೆ ಉತ್ಸಾಹವಿದ್ದರೆ ಕಥೆ ಬೆಳೆಯುತ್ತದೆ, ಅವರು ಆಕಳಿಸಿದರೆ ಚಿಕ್ಕದಾಗುತ್ತದೆ.

ಎಂದರೆ ಕಥೆಯಲ್ಲಿ ಕೇಳುವವರ ಪಾಲೂ ಇದೆ. ಕನಕಗಿರಿಯ ಅಜ್ಜ ಕೇಳಿದ ಪ್ರಶ್ನೆ ಇದೇ ಅಲ್ಲವೇ? ಕೇಳುವವರು ಎದ್ದುಹೋದರೆ ಹಾಡುವವರ ಬಾಯಲ್ಲೇ ಕಥೆ ಮೊಟಕಾಗುತ್ತದೆ. ಮನೆಮನೆಗೆ ಟಿ.ವಿ. ಬಂದಿತು, ಈಗ ಕೈಗೆ ಮೊಬೈಲು ಬಂದಿದೆ. ಇಡೀ ರಾತ್ರಿ ಚಾಪೆಯ ಮೇಲೆ ಕೂರುವ ವ್ಯವಧಾನ ನನಗೂ ಇಲ್ಲ. ಮಕ್ಕಳನ್ನು ಮಾತ್ರ ದೂರುವುದು ನ್ಯಾಯವಲ್ಲ.

ದರೋಜಿಯ ಚಹಾದಂಗಡಿಯಲ್ಲಿ ಕುಳಿತು ಈರಮ್ಮನವರ ಮಾತು ತೆಗೆದಾಗ ಅಂಗಡಿಯವರು ‘ಹೌದ್ರೀ, ಆ ಅಮ್ಮನಿಂದ ನಮ್ಮೂರಿನ ಹೆಸರು ಎಲ್ಲಾ ಕಡೆ ಹೋತು’ ಎಂದರು. ಸ್ವಲ್ಪ ತಡೆದು, ‘ಆದ್ರ ನಮ್ಮ ಹುಡುಗರು ಆ ಕಸುಬು ಹಿಡಿಲಿ ಅಂತ ಯಾರೂ ಅನ್ನೂದಿಲ್ಲ ಬಿಡ್ರಿ. ಸಾಲಿಗೆ ಹೋಗಲಿ ಅಂತಾರ. ಅದೂ ಖರೇನ ಐತಿ’ ಎಂದರು.

ಆ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಡಿನ ಸೊಗಸನ್ನು ಹೊಗಳುವ ನಾವು ಆ ಹಾಡಿನ ಹಿಂದಿದ್ದ ಬದುಕನ್ನು ಮರೆತುಬಿಡುತ್ತೇವೆ. ಗುಡಿಸಲು, ಗೋಣಿಚೀಲ, ಇಂದು ಒಂದು ಊರು, ನಾಳೆ ಇನ್ನೊಂದು. ಕಥೆ ಕೇಳುವಾಗ ಅಳುತ್ತಿದ್ದ ಊರಿನವರೇ ಬೆಳಗಾದರೆ ಅವರನ್ನು ಭಿಕ್ಷೆಯವರೆಂದು ಬಾಗಿಲ ಹೊರಗೆ ನಿಲ್ಲಿಸಿದ್ದುಂಟು. ಪ್ರಶಸ್ತಿಗಳು ಬಂದದ್ದು ಈರಮ್ಮನವರಿಗೆ ಸುಮಾರು ಎಪ್ಪತ್ತು ವರ್ಷ ಆದ ಹೊತ್ತಿಗೆ. ಅಂಥ ಸಮುದಾಯದ ಹುಡುಗಿ ಇಂದು ಪುಸ್ತಕ ಹಿಡಿದು ಶಾಲೆಗೆ ಹೋಗುತ್ತಾಳೆ ಎಂದರೆ ಅದು ಹಾಡಿನಷ್ಟೇ ಸಂತೋಷದ ಸಂಗತಿ. ಶಾಲೆಯೋ ಹಾಡೋ ಎಂದು ಒಂದನ್ನು ಆರಿಸಿಕೊಳ್ಳುವ ಪರಿಸ್ಥಿತಿ ಯಾಕೆ ಬರಬೇಕು ಎಂಬುದೇ ಕೇಳಬೇಕಾದ ಪ್ರಶ್ನೆ.

ಹಾಗೆಂದು ಎಲ್ಲವೂ ಮುಗಿಯಿತು ಎನ್ನುವಂತೆಯೂ ಇಲ್ಲ. ನಮ್ಮ ಕೊಪ್ಪಳ ತಾಲ್ಲೂಕಿನ ಮೊರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆಗಳನ್ನು ಪರದೆಯ ಹಿಂದೆ ಕುಣಿಸುತ್ತ ರಾಮಾಯಣ, ಮಹಾಭಾರತದ ಕಥೆ ಹೇಳಿದವರು. ಗೊಂಬೆಗಳೊಡನೆ ಹೊರದೇಶಗಳಿಗೂ ಹೋಗಿ ಬಂದರು. 2025ರಲ್ಲಿ ಪದ್ಮಶ್ರೀ ಬಂದಾಗ ಅವರಿಗೆ 96 ವರ್ಷ. ನಮ್ಮ ಜಿಲ್ಲೆಯ ಎಷ್ಟೋ ಶಾಲಾ ಮಕ್ಕಳು ಅವರ ಹೆಸರನ್ನು ಮೊದಲ ಬಾರಿ ಕೇಳಿದ್ದು ಅಂದೇ ಇರಬೇಕು. ನಾನೂ ಅವರ ಹೆಸರು ತಿಳಿದದ್ದು ಅಂದಿನ ಪತ್ರಿಕೆಯಿಂದಲೇ ಎಂದು ಹೇಳಲು ನಾಚಿಕೆಯಾಗುತ್ತದೆ.

ಊರಿಗೆ ಮರಳಿದ ಮೇಲೆ ಮಗಳು ಒಂದು ಕೆಲಸ ಮಾಡಿದಳು. ನನ್ನ ತಾಯಿ ಹಳ್ಳಿಯ ಮನೆಯಲ್ಲಿದ್ದಾರೆ. ಬೀಸುವ ಪದ ಬಹಳ ಬರುತ್ತವೆ ಎಂದು ಮನೆಯವರೆಲ್ಲ ಹೇಳುತ್ತೇವೆ, ಯಾರೂ ಕೇಳಿದವರಲ್ಲ. ಮಗಳು ನೋಟ್‌ಬುಕ್ ಹಿಡಿದು ಕುಳಿತು, ‘ಅಮ್ಮಾ, ಒಂದು ಪದ ಹೇಳು, ಬರಕೊಳ್ತೀನಿ’ ಎಂದಳು. ಅಜ್ಜಿ ಎರಡು ಸಾಲು ಹೇಳಿ ನಿಂತರು. ‘ಮರತೇತವ್ವಾ’ ಎಂದರು. ಮಗಳಿಗೆ ನಿರಾಸೆಯಾಯಿತು. ಸ್ವಲ್ಪ ಹೊತ್ತಾದ ಮೇಲೆ ಅಜ್ಜಿಯೇ ಎದ್ದು, ಪಡಸಾಲೆಯ ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಬೀಸುವ ಕಲ್ಲನ್ನು ಒರೆಸಿ, ಒಂದು ಹಿಡಿ ಜೋಳ ಹಾಕಿದರು. ಗೂಟ ಹಿಡಿದು ಕಲ್ಲು ತಿರುಗತೊಡಗಿದ್ದೇ ತಡ, ಪದ ಬಂತು. ಒಂದಲ್ಲ, ಒಂದರ ಹಿಂದೆ ಒಂದು. ಹಿಟ್ಟು ಕಲ್ಲಿನ ಸುತ್ತ ಬೀಳುತ್ತಿತ್ತು. ನಾನು ಬಾಗಿಲಲ್ಲಿ ನಿಂತಿದ್ದೆ. ಐವತ್ತು ವರ್ಷದ ನನಗೆ ನನ್ನ ತಾಯಿಗೆ ಇಷ್ಟು ಪದ ಬರುತ್ತವೆಂದು ತಿಳಿದಿರಲಿಲ್ಲ. ಮಗಳು ಬರೆಯುವುದನ್ನು ಬಿಟ್ಟು ಅಜ್ಜಿಯ ಎದುರು ಕುಳಿತು ಗೂಟಕ್ಕೆ ಕೈ ಹಾಕಿದಳು.

ಪಾಲಕರಾದ ನಮಗೆ ಮಕ್ಕಳ ಅಂಕಗಳ ಚಿಂತೆ ಇದ್ದೇ ಇರುತ್ತದೆ, ಇರಲೂ ಬೇಕು. ಈರಮ್ಮನವರ ಬಾಳನ್ನು ನೋಡಿ ಹಾಡು ಹೊಟ್ಟೆ ತುಂಬಿಸುತ್ತದೆ ಎಂದು ಧೈರ್ಯವಾಗಿ ಹೇಳುವಂತಿಲ್ಲ. ಆದರೆ ಅವರು ಕಲಿತದ್ದು ಕಲಿಕೆಯಲ್ಲ ಎಂದು ಹೇಳಲು ಇನ್ನು ನನ್ನಿಂದಾಗದು. ಕೇಳುವುದು, ನೆನಪಿಟ್ಟುಕೊಳ್ಳುವುದು, ಎದುರು ಕುಳಿತವರ ಮುಖ ನೋಡಿ ಮಾತು ಹೂಡುವುದು, ಇವಕ್ಕಿಂತ ದೊಡ್ಡ ಪಾಠವನ್ನು ಯಾವ ಶಾಲೆ ಕಲಿಸುತ್ತದೆ?

ರಜೆಯಲ್ಲಿ ಮಕ್ಕಳನ್ನು ಕರೆದುಕೊಂಡು ಕನಕಗಿರಿಗೆ ಹೋಗುವವರಿಗೆ ಒಂದು ಸೂಚನೆ. ಗುಡಿ, ಬಾವಿ ನೋಡಿ ಹಿಂದಿರುಗಬೇಡಿ. ಗಂಗಾವತಿಯಲ್ಲಿ ತಂಗಿ ಕುಮ್ಮಟದುರ್ಗ ನೋಡಿ. ಬಂಡೆಗಳ ದಾರಿಯಾದ್ದರಿಂದ ಬೆಳಿಗ್ಗೆಯೇ ಹೊರಡುವುದು, ನೀರು ಒಯ್ಯುವುದು ಒಳ್ಳೆಯದು. ಹೊಳೆ ದಾಟಿ ಕಂಪ್ಲಿ, ದರೋಜಿಗೂ ಹೋಗಿ ಬನ್ನಿ. ಹೋಗುವ ಮೊದಲು ಕುಮಾರರಾಮನ ಕಥೆಯನ್ನು ಮಕ್ಕಳಿಗೆ ನೀವೇ ಹೇಳಿ. ಬಾರದಿದ್ದರೆ ಮನೆಯ ಹಿರಿಯರನ್ನು ಕೇಳಿ. ಕಥೆ ಇಲ್ಲದೆ ಹೋದರೆ ಅಲ್ಲಿ ಕಾಣುವುದು ಬರಿಯ ಕಲ್ಲು.

ನಮ್ಮ ಮನೆಯಲ್ಲಿ ದೀಪಾವಳಿ ಕಳೆದ ಮೇಲೆ ಮಗಳು ಮತ್ತೆ ಹಾಡಿನ ಪಾಠಕ್ಕೆ ಹೋಗುತ್ತಿದ್ದಾಳೆ, ವಾರಕ್ಕೆ ಒಂದೇ ದಿನ. ಗಣಿತದ ಅಂಕಗಳು ಇನ್ನೂ ಅಷ್ಟಕ್ಕಷ್ಟೇ. ಆ ಚಿಂತೆ ನನ್ನನ್ನು ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಅವಳು ಹೊರಟಾಗ ಮಾತ್ರ ಸೈಕಲ್ಲಿಗೆ ಗಾಳಿ ತುಂಬಿಕೊಡುವವನು ನಾನೇ.